ಕವರ್ ಫೋಟೋಗೆ ಸರಿಯಾದ ಅಳತೆ: ಕತ್ತರಿಸಿದ ಮೇಲೂ ಉಳಿಯುವ ಚಿತ್ರ ಮಾಡುವ ಬಗೆ

ನಮ್ಮ ಊರಿನ ಹವ್ಯಾಸಿ ನಾಟಕ ತಂಡದ ಫೇಸ್‌ಬುಕ್ ಪುಟವನ್ನು ನೋಡಿಕೊಳ್ಳುವ ಕೆಲಸ ನನ್ನ ಹೆಗಲಿಗೆ ಬಿದ್ದ ವರ್ಷ, ಪ್ರದರ್ಶನ ಮುಗಿದ ರಾತ್ರಿ ತೆಗೆದ ಗುಂಪು ಫೋಟೋವನ್ನು ಪುಟದ ನೆತ್ತಿಯ ಅಡ್ಡಚಿತ್ರಕ್ಕೆ, ಎಂದರೆ ಕವರ್‌ಗೆ ಹಾಕಿದೆ. ಹದಿನಾಲ್ಕು ಜನ ಬಣ್ಣ ಅಳಿಸದೆಯೇ ಒಂದೇ ಸಾಲಿನಲ್ಲಿ ನಿಂತಿದ್ದರು. ಕಂಪ್ಯೂಟರಿನಲ್ಲಿ ಎಲ್ಲರೂ ಲಕ್ಷಣವಾಗಿ ಕಂಡರು. ಅರ್ಧ ಗಂಟೆಯೊಳಗೆ ಅಧ್ಯಕ್ಷರ ಕರೆ ಬಂತು: “ನನ್ನನ್ನು ತಂಡದಿಂದ ಯಾವಾಗ ತೆಗೆದಿರಿ ಸ್ವಾಮಿ?” ಅವರು ನೋಡುತ್ತಿದ್ದದ್ದು ಮೊಬೈಲಿನಲ್ಲಿ. ಬಲತುದಿಯಲ್ಲಿ ನಿಂತಿದ್ದ ಅವರೂ ಇಲ್ಲ, ಪಕ್ಕದ ಖಜಾಂಚಿಯೂ ಇಲ್ಲ. ಎಡತುದಿಯ ಇಬ್ಬರು ಸಹ ಮಾಯವಾಗಿದ್ದರು. ಅವರು ಸಣ್ಣ ಪಾತ್ರದವರಾದ್ದರಿಂದ ದೂರು ಬರಲಿಲ್ಲ.

ನಾನು ಅಳತೆಯನ್ನು ನೋಡದೆ ಹಾಕಿದವನಲ್ಲ. 851 × 315 ಪಿಕ್ಸೆಲ್ (ಚಿತ್ರವನ್ನು ಕಟ್ಟುವ ಚುಕ್ಕಿ) ಎಂದು ಓದಿಕೊಂಡು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಕತ್ತರಿಸಿದ್ದೆ. ಆ ಸಂಖ್ಯೆ ಕಂಪ್ಯೂಟರಿನಲ್ಲಿ ಚಿತ್ರ ಕಾಣುವ ಕಿಟಕಿಯದು ಮಾತ್ರ ಎಂಬುದು ತಿಳಿದಿರಲಿಲ್ಲ. ಮೊಬೈಲಿನ ಕಿಟಕಿಯ ಆಕಾರವೇ ಬೇರೆ. ಆಮೇಲೆ ತಂಡದ ಯೂಟ್ಯೂಬ್ ಚಾನೆಲ್, ಗೆಳೆಯರ ಲಿಂಕ್ಡ್‌ಇನ್ ಖಾತೆಗಳು, ಬಡಾವಣೆಯ ಗ್ರಂಥಾಲಯದ ಪುಟ ಎಂದು ಹತ್ತಾರು ಕವರ್ ಚಿತ್ರಗಳನ್ನು ಮಾಡಿ, ಕೆಲವನ್ನು ಕೆಡಿಸಿ, ಒಂದು ಕ್ರಮಕ್ಕೆ ಬಂದಿದ್ದೇನೆ. ಅದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ.

ಮೊದಲ ಹೆಜ್ಜೆ: ಎಲ್ಲಿಗೆ, ಯಾವ ಖಾತೆಗೆ

“ಫೇಸ್‌ಬುಕ್‌ಗೆ ಒಂದು ಕವರ್ ಮಾಡಿಕೊಡಿ” ಎನ್ನುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ: ಪುಟಕ್ಕೋ, ಗುಂಪಿಗೋ, ಕಾರ್ಯಕ್ರಮಕ್ಕೋ? ಒಂದೇ ತಾಣದೊಳಗೆ ಈ ಮೂರರ ಆಕಾರವೂ ಒಂದಲ್ಲ. ಪುಟದ ಕವರ್ ಕಂಪ್ಯೂಟರಿನಲ್ಲಿ 851 × 315, ಮೊಬೈಲಿನಲ್ಲಿ 640 × 360 ಆಗಿ ಕಾಣುತ್ತದೆ. ಗುಂಪಿನ ಮತ್ತು ಕಾರ್ಯಕ್ರಮದ ಚಿತ್ರಗಳು ಅದಕ್ಕಿಂತ ಎತ್ತರ; ಅಗಲವು ಎತ್ತರದ 1.91 ಪಟ್ಟು ಇದ್ದರೆ ಸರಿ, 1640 × 856 ಎಂದು ಮಾಡಿಕೊಂಡರೆ ಎರಡಕ್ಕೂ ಆಗುತ್ತದೆ.

ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) 1500 × 500. ಲಿಂಕ್ಡ್‌ಇನ್‌ನಲ್ಲಿ ವ್ಯಕ್ತಿಯ ಖಾತೆಗೆ 1584 × 396. ಸಂಸ್ಥೆಯ ಪುಟಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವುದು 1128 × 191, ಅದು ಚಿತ್ರ ಎನ್ನುವುದಕ್ಕಿಂತ ಸೀರೆಯ ಅಂಚಿನಂತಿರುವ ಪಟ್ಟಿ. ಯೂಟ್ಯೂಬ್‌ನ ಬ್ಯಾನರ್ 2560 × 1440. ಕನಿಷ್ಠ 2048 × 1152 ಇಲ್ಲದಿದ್ದರೆ ಅದು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಇನ್‌ಸ್ಟಾಗ್ರಾಂನ ಪ್ರೊಫೈಲ್ ಪುಟಕ್ಕೆ ಕವರ್ ಫೋಟೋ ಎಂಬುದೇ ಇಲ್ಲ. ಇದನ್ನು ಹೇಳಲು ಕಾರಣವಿದೆ: “ಇನ್‌ಸ್ಟಾಗ್ರಾಂ ಕವರ್ ಅಳತೆ ಎಷ್ಟು?” ಎಂದು ಕೇಳುವವರು ತಿಂಗಳಿಗೆ ಒಬ್ಬರಾದರೂ ಸಿಗುತ್ತಾರೆ.

ಈ ತಾಣಗಳು ಆಗಾಗ ತಮ್ಮ ಪುಟವಿನ್ಯಾಸವನ್ನು ಬದಲಿಸುತ್ತವೆ. ಹಾಗಾಗಿ ದೊಡ್ಡ ಕೆಲಸಕ್ಕೆ ಕೈಹಾಕುವ ಮೊದಲು ಆಯಾ ತಾಣದ ಸಹಾಯ ಪುಟವನ್ನು ಒಮ್ಮೆ ನೋಡಿಬಿಡಿ. ಐದು ವರ್ಷದ ಹಿಂದಿನ ಪಟ್ಟಿಯನ್ನು ನಂಬಬೇಡಿ. ಆದರೆ ಮುಂದೆ ಹೇಳುವ ಲೆಕ್ಕ ಬದಲಾಗುವುದಿಲ್ಲ, ಸಂಖ್ಯೆ ಮಾತ್ರ ಬದಲಾಗುತ್ತದೆ.

ಎರಡನೆಯದು: ಪಿಕ್ಸೆಲ್‌ಗಿಂತ ಮೊದಲು ಅನುಪಾತ

ಅಗಲವನ್ನು ಎತ್ತರದಿಂದ ಭಾಗಿಸಿ. 851ನ್ನು 315ರಿಂದ ಭಾಗಿಸಿದರೆ 2.7. 640ನ್ನು 360ರಿಂದ ಭಾಗಿಸಿದರೆ 1.78, ಅಂದರೆ ಟಿವಿ ಪರದೆಯ 16:9. ಎಕ್ಸ್‌ನದು ಸರಿಯಾಗಿ 3, ಲಿಂಕ್ಡ್‌ಇನ್ ವ್ಯಕ್ತಿಖಾತೆಯದು 4, ಸಂಸ್ಥೆಯದು ಹತ್ತಿರಹತ್ತಿರ 6. ಈ ಸಂಖ್ಯೆ ದೊಡ್ಡದಾದಷ್ಟೂ ಚಿತ್ರ ಉದ್ದುದ್ದ, ಗಿಡ್ಡ.

ಇದು ಯಾಕೆ ಮುಖ್ಯವೆಂದು ಒಂದು ಲೆಕ್ಕದಿಂದ ತಿಳಿಯುತ್ತದೆ. ಸಾಮಾನ್ಯ 12 ಮೆಗಾಪಿಕ್ಸೆಲ್ ಫೋನ್ ಅಡ್ಡಲಾಗಿ ತೆಗೆದ ಚಿತ್ರ 4000 × 3000 ಪಿಕ್ಸೆಲ್ ಇರುತ್ತದೆ. ಅದನ್ನು 16:9ಕ್ಕೆ ಕತ್ತರಿಸಿದರೆ 4000 × 2250 ಉಳಿಯುತ್ತದೆ. ಎತ್ತರದಲ್ಲಿ ಕಾಲು ಭಾಗ ಹೋಯಿತು. ಫೇಸ್‌ಬುಕ್‌ನ ಕಂಪ್ಯೂಟರ್ ಆಕಾರಕ್ಕೆ ಕತ್ತರಿಸಿದರೆ ಸುಮಾರು 4000 × 1480. ಅರ್ಧಕ್ಕಿಂತ ಹೆಚ್ಚು ಹೋಯಿತು. ಲಿಂಕ್ಡ್‌ಇನ್‌ಗೆಂದರೆ 4000 × 1000, ಮೂರರಲ್ಲಿ ಎರಡು ಪಾಲು ಕಸದ ಬುಟ್ಟಿಗೆ. ಆದ್ದರಿಂದಲೇ ಚೆಂದದ ಫೋಟೋಗಳೆಲ್ಲ ಕವರ್ ಫೋಟೋ ಆಗುವುದಿಲ್ಲ. ಜೋಗ ಜಲಪಾತ 253 ಮೀಟರ್ ಎತ್ತರದಿಂದ ಬೀಳುತ್ತದೆ. ಅದನ್ನು ನಾಲ್ಕಕ್ಕೆ ಒಂದರ ಪಟ್ಟಿಯಲ್ಲಿ ಕೂರಿಸಿದರೆ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೇರಿ ಬಿಳಿ ಗೀರುಗಳಾಗುತ್ತವೆ, ಬಿದ್ದದ್ದು ಎಲ್ಲಿಂದ ಎಲ್ಲಿಗೆ ಎಂಬುದೇ ಕಾಣುವುದಿಲ್ಲ. ಶ್ರವಣಬೆಳಗೊಳದ ಗೊಮ್ಮಟನೂ ಅಷ್ಟೇ, ಮುಖ ಉಳಿಸಿದರೆ ನಿಲುವು ಹೋಗುತ್ತದೆ. ವಿಧಾನಸೌಧದ ಮುಂಭಾಗ, ಮೈಸೂರು ಅರಮನೆಯ ದೀಪಾಲಂಕಾರ, ಗದ್ದೆಯ ಬಯಲು, ಕಡಲಂಚು, ಪುಸ್ತಕದ ಕಪಾಟು: ಅಡ್ಡಕ್ಕೆ ಚಾಚಿಕೊಂಡಿರುವ ವಸ್ತುಗಳು ಮಾತ್ರ ಈ ಪಟ್ಟಿಗೆ ಒಗ್ಗುತ್ತವೆ.

ಫೋಟೋ ಇನ್ನೂ ತೆಗೆಯಬೇಕಿದ್ದರೆ ನಿಮ್ಮ ಭಾಗ್ಯ. ಫೋನನ್ನು ಅಡ್ಡ ಹಿಡಿಯಿರಿ, ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ, ತಲೆಯ ಮೇಲೂ ಕಾಲ ಕೆಳಗೂ ಧಾರಾಳ ಜಾಗ ಬಿಡಿ. ಹದಿನಾಲ್ಕು ಜನರಿದ್ದರೆ ಒಂದು ಸಾಲು ಬೇಡ. ಎರಡು ಸಾಲು ಮಾಡಿ, ಮುಂದಿನವರನ್ನು ಕೂರಿಸಿ, ಎಲ್ಲರನ್ನೂ ನಡುವಿಗೆ ಒತ್ತಿ. ಎರಡು ಬದಿಯಲ್ಲಿ ಪರದೆಯೋ ಗೋಡೆಯೋ ಖಾಲಿ ಕಾಣಲಿ. ಆ ಖಾಲಿ ಜಾಗ ನಿಮ್ಮ ವಿಮೆ.

ಮೂರನೆಯದು: ಎರಡು ಕಿಟಕಿಗಳು ಕೂಡುವ ಜಾಗ

ಈ ಹಂತದಲ್ಲಿ ತುಸು ನಿಲ್ಲೋಣ, ಏಕೆಂದರೆ ಅಧ್ಯಕ್ಷರು ಕಳೆದುಹೋದದ್ದು ಇಲ್ಲೇ.

851 × 315ರ ಚಿತ್ರವನ್ನು ಮೊಬೈಲಿನ 16:9 ಕಿಟಕಿ ತೋರಿಸಬೇಕಾದರೆ, 315 ಎತ್ತರಕ್ಕೆ ಅದು ಬಳಸಬಹುದಾದ ಅಗಲ 560 ಮಾತ್ರ. ಉಳಿದ 291 ಪಿಕ್ಸೆಲ್, ಎಂದರೆ ಅಗಲದ ಮೂರನೇ ಒಂದು ಭಾಗ, ಪಕ್ಕಗಳಲ್ಲಿ ಕತ್ತರಿಸಿ ಹೋಗುತ್ತದೆ. ಇದರ ಬದಲು ಚಿತ್ರವನ್ನೇ ಮೊಬೈಲಿನ ಆಕಾರದಲ್ಲಿ ಮಾಡಿದರೆ ಏನಾಗುತ್ತದೆ? ಆಗ ಮೊಬೈಲಿನಲ್ಲಿ ಪೂರ್ತಿ ಕಾಣುತ್ತದೆ, ಕಂಪ್ಯೂಟರಿನಲ್ಲಿ ಮೇಲೆ ಕೆಳಗೆ ಕತ್ತರಿಸಿ ನಡುವಿನ ಪಟ್ಟಿ ಕಾಣುತ್ತದೆ. ಪಕ್ಕದಲ್ಲಿ ನಿಂತವರನ್ನು ಕಳೆದುಕೊಳ್ಳುವುದಕ್ಕಿಂತ ಮೇಲಿನ ಆಕಾಶವನ್ನೂ ಕೆಳಗಿನ ನೆಲವನ್ನೂ ಕಳೆದುಕೊಳ್ಳುವುದು ಎಷ್ಟೋ ವಾಸಿ. ಫೇಸ್‌ಬುಕ್ ಕೂಡ ಪುಟದ ಕವರ್‌ಗೆ 16:9 ಅನುಪಾತವನ್ನೇ ಹೇಳುತ್ತದೆ.

ನಾನು ಬಳಸುವ ಕ್ಯಾನ್ವಾಸ್, ಎಂದರೆ ಚಿತ್ರ ಕೂರಿಸುವ ಖಾಲಿ ಹಾಳೆ, 1702 × 958. ಇದು ಎಲ್ಲಿಂದ ಬಂತು ಎಂದರೆ, 851ರ ಎರಡರಷ್ಟು ಅಗಲ, ಅದಕ್ಕೆ ತಕ್ಕ 16:9 ಎತ್ತರ. ಎರಡರಷ್ಟು ಏಕೆ? ತಾಣಗಳು ಹೇಳುವ 851, 640 ಎಂಬುವು ಪರದೆಯಲ್ಲಿ ಚಿತ್ರಕ್ಕೆ ಸಿಗುವ ಜಾಗದ ಲೆಕ್ಕ. ಈಗಿನ ಫೋನುಗಳ ಪರದೆಯಲ್ಲಿ ಅಂಥ ಒಂದೊಂದು ಲೆಕ್ಕದ ಪಿಕ್ಸೆಲ್ಲಿನ ಜಾಗದಲ್ಲಿ ಅಡ್ಡಕ್ಕೆ ಎರಡು ಮೂರು ನಿಜವಾದ ಪಿಕ್ಸೆಲ್‌ಗಳಿರುತ್ತವೆ. ಸರಿಯಾಗಿ 851 ಅಗಲದ ಚಿತ್ರ ಕೊಟ್ಟರೆ ಫೋನು ಅದನ್ನು ಹಿಗ್ಗಿಸಿ ತೋರಿಸುತ್ತದೆ. ಅಕ್ಷರಗಳ ಅಂಚು ಒದ್ದೆ ಕಾಗದದ ಮೇಲೆ ಬರೆದಂತಾಗುತ್ತದೆ.

ಈ ಕ್ಯಾನ್ವಾಸಿನ ನಟ್ಟನಡುವೆ 1702 × 630ರ ಒಂದು ಆಯತವನ್ನು ಎಳೆಯಿರಿ. ಮೇಲೆ 164, ಕೆಳಗೆ 164 ಪಿಕ್ಸೆಲ್ ಉಳಿಯುತ್ತದೆ. ಈ ನಡುಪಟ್ಟಿಯೊಳಗೆ ಇರುವುದು ಎರಡೂ ಕಡೆ ಕಾಣುತ್ತದೆ. ಮುಖ, ಹೆಸರು, ಲಾಂಛನ ಎಲ್ಲವೂ ಇದರೊಳಗೆ. ಹೊರಗಿನ ಎರಡು ಪಟ್ಟಿಗಳಲ್ಲಿ ಆಕಾಶ, ವೇದಿಕೆಯ ಪರದೆ, ನೆಲ, ಬಣ್ಣ ಏನಾದರೂ ಇರಲಿ. ಇದ್ದರೆ ಚೆಂದ, ಹೋದರೆ ನಷ್ಟವಿಲ್ಲ ಎನ್ನುವಂಥದ್ದು. ಗೈಡ್ ಗೆರೆಗಳನ್ನು ಎಳೆಯಲು ಬಾರದಿದ್ದರೆ ತಿಳಿಗೆಂಪು ಬಣ್ಣದ, ಅರೆಪಾರದರ್ಶಕ ಆಯತವನ್ನೇ ಚಿತ್ರದ ಮೇಲೆ ಇಟ್ಟುಕೊಂಡು ಕೆಲಸ ಮಾಡಿ. ಯಾವ ಆ್ಯಪಿನಲ್ಲಾದರೂ ಇದು ಸಾಧ್ಯ. ಕೊನೆಯಲ್ಲಿ ಅಳಿಸುವುದನ್ನು ಮರೆಯಬೇಡಿ. ನಾನು ಒಮ್ಮೆ ಮರೆತಿದ್ದೆ, ಇಡೀ ತಂಡಕ್ಕೆ ಕಾಮಾಲೆಯ ಬದಲು ಕೆಂಪು ರೋಗ ತಗುಲಿದಂತೆ ಕಾಣುತ್ತಿತ್ತು.

ಇನ್ನೊಂದು ಕಳ್ಳ ಇದ್ದಾನೆ: ಪ್ರೊಫೈಲ್ ಚಿತ್ರ. ಫೇಸ್‌ಬುಕ್, ಎಕ್ಸ್, ಲಿಂಕ್ಡ್‌ಇನ್ ಮೂರರಲ್ಲೂ ಅದು ಕವರಿನ ಕೆಳ ಎಡ ಮೂಲೆಯ ಆಸುಪಾಸಿನಲ್ಲಿ ಕುಳಿತು ಒಂದಷ್ಟು ಜಾಗವನ್ನು ಮುಚ್ಚುತ್ತದೆ. ಎಷ್ಟು ಮುಚ್ಚುತ್ತದೆ ಎಂಬುದು ಪರದೆಯಿಂದ ಪರದೆಗೆ ಬೇರೆ. ಆದ್ದರಿಂದ ಎಡಗಡೆಯ ಕೆಳ ಕಾಲುಭಾಗದಲ್ಲಿ ಅಕ್ಷರವನ್ನೂ ಮುಖವನ್ನೂ ಇಡದಿರುವುದು ನನ್ನ ರೂಢಿ. ಕನ್ನಡವನ್ನು ಎಡದಿಂದ ಬಲಕ್ಕೆ ಬರೆಯುತ್ತೇವಾದ್ದರಿಂದ ಶೀರ್ಷಿಕೆಯನ್ನು ಎಡಕ್ಕೆ ಹೊಂದಿಸಲು ಕೈ ತುಡಿಯುತ್ತದೆ. ಇಲ್ಲಿ ಅದನ್ನು ನಡುವಿಗೋ ಬಲಕ್ಕೋ ಒಯ್ಯಿರಿ.

ಯೂಟ್ಯೂಬ್‌ನದು ಇದೇ ಲೆಕ್ಕದ ವಿಪರೀತ ರೂಪ. 2560 × 1440ರ ಇಡೀ ಚಿತ್ರ ಟಿವಿಯಲ್ಲಿ ಮಾತ್ರ ಕಾಣುತ್ತದೆ. ಕಂಪ್ಯೂಟರಿನಲ್ಲಿ 423 ಪಿಕ್ಸೆಲ್ ಎತ್ತರದ ಅಡ್ಡಪಟ್ಟಿ, ಫೋನಿನಲ್ಲಿ ಅದರಲ್ಲೂ ನಡುವಿನ ತುಂಡು. ಎಲ್ಲ ಕಡೆಯೂ ಉಳಿಯುವುದು ನಡುವಿನ 1546 × 423. ನಾಲ್ಕೂ ಬದಿಯಿಂದ ಐನೂರು ಚಿಲ್ಲರೆ ಪಿಕ್ಸೆಲ್ ಒಳಕ್ಕೆ ಬಂದರೆ ಅದೇ ಆಯತ ಸಿಗುತ್ತದೆ, ನೆನಪಿಡುವುದು ಸುಲಭ. 2048 × 1152ರಲ್ಲಿ ಮಾಡುವವರಿಗೆ ಆ ಜಾಗ 1235 × 338. ಒಟ್ಟು ಚಿತ್ರದ ಶೇಕಡಾ 18ರಷ್ಟು ಜಾಗದಲ್ಲಿ ನಿಮ್ಮ ಮಾತೆಲ್ಲ ಮುಗಿಯಬೇಕು. ಉಳಿದದ್ದನ್ನು ಖಾಲಿ ಬಿಡಲು ಹೊಟ್ಟೆ ಉರಿಯುತ್ತದೆ, ನಿಜ. ಆದರೂ ಬಿಡಿ. ಕಡತ 6 ಎಂಬಿ ಮೀರಬಾರದು.

ಎಕ್ಸ್ ಮತ್ತು ಲಿಂಕ್ಡ್‌ಇನ್‌ಗಳಲ್ಲಿ ಇಷ್ಟು ತಲೆನೋವಿಲ್ಲ. ನಿಗದಿತ ಅಳತೆಯಲ್ಲೇ ಮಾಡಿ, ಅಂಚುಗಳಿಂದ ಹತ್ತನೇ ಒಂದು ಭಾಗದಷ್ಟು ಒಳಗೆ ಬರೆಯಿರಿ, ಎಡ ಮೂಲೆಯನ್ನು ಬಿಟ್ಟುಕೊಡಿ.

ನಾಲ್ಕನೆಯದು: ಮೂಲ ಚಿತ್ರ ಎಲ್ಲಿಂದ ಬಂತು

ಅಳತೆ ಎಷ್ಟೇ ಸರಿಯಿದ್ದರೂ ವಾಟ್ಸ್‌ಆ್ಯಪ್‌ನಲ್ಲಿ ಮೂರು ಕೈ ದಾಟಿ ಬಂದ ಫೋಟೋ ಕವರ್‌ಗೆ ಆಗದು. ಅಲ್ಲಿ ಸಾಮಾನ್ಯವಾಗಿ ಕಳಿಸಿದ ಚಿತ್ರವನ್ನು ಆ್ಯಪು ಕುಗ್ಗಿಸುತ್ತದೆ. 2023ರಲ್ಲಿ ಬಂದ ಎಚ್‌ಡಿ ಆಯ್ಕೆಯಲ್ಲಿ ಗುಣಮಟ್ಟ ಹೆಚ್ಚಾದರೂ ಕುಗ್ಗುವುದು ಪೂರ್ತಿ ನಿಲ್ಲುವುದಿಲ್ಲ. ಫೋಟೋಗ್ರಾಫರಿಗೆ “ಡಾಕ್ಯುಮೆಂಟ್ ಆಗಿ ಕಳಿಸಿ” ಎಂದೋ, ಇಮೇಲ್ ಅಥವಾ ಡ್ರೈವ್ ಮೂಲಕ ಕೊಡಿ ಎಂದೋ ಹೇಳಿ. ಬಂದ ಮೇಲೆ ಚಿತ್ರದ ವಿವರ ತೆರೆದು ಅಗಲ ಎಷ್ಟು ಪಿಕ್ಸೆಲ್ ಎಂದು ನೋಡಿ. ಕ್ಯಾನ್ವಾಸಿನ ಅಗಲಕ್ಕಿಂತ ಹೆಚ್ಚಿದ್ದರೆ ನಿಶ್ಚಿಂತೆ.

ಕಡಿಮೆಯಿದ್ದರೆ ಹಿಗ್ಗಿಸಬೇಡಿ. ಇಲ್ಲದ ವಿವರವನ್ನು ಹಿಗ್ಗಿಸುವುದರಿಂದ ತರಲಾಗದು. ಕೃತಕ ಬುದ್ಧಿಮತ್ತೆಯ ಆ್ಯಪುಗಳು ಊಹಿಸಿ ತುಂಬುತ್ತವೆ, ನಮ್ಮೂರಿನ ಮೇಷ್ಟರಿಗೆ ಯಾರದೋ ಕಣ್ಣು ಬರುತ್ತದೆ. 800 ಪಿಕ್ಸೆಲ್ ಅಗಲದ ಹಳೆಯ ಚಿತ್ರವೊಂದೇ ಇದ್ದರೆ ಅದನ್ನು ಇದ್ದಷ್ಟಕ್ಕೇ ಕ್ಯಾನ್ವಾಸಿನ ಬಲಗಡೆ ಇಟ್ಟು, ಉಳಿದ ಜಾಗಕ್ಕೆ ಅದೇ ಚಿತ್ರದಿಂದ ಆರಿಸಿದ ಬಣ್ಣ ತುಂಬಿ, ಹೆಸರು ಬರೆಯಿರಿ. ಹಳೆಯ ನಾಟಕಗಳ ಕಪ್ಪು ಬಿಳುಪು ಚಿತ್ರಗಳಿಗೆ ನಾನು ಮಾಡುವುದು ಇದನ್ನೇ. ಹಿಗ್ಗಿಸಿದ್ದಕ್ಕಿಂತ ಎಷ್ಟೋ ಗಂಭೀರವಾಗಿ ಕಾಣುತ್ತದೆ.

ಆಹ್ವಾನ ಪತ್ರಿಕೆ ಮಾಡಿಕೊಟ್ಟ ಮುದ್ರಣಾಲಯದಿಂದ ಕಡತ ತರಿಸಿಕೊಂಡಿದ್ದರೆ ಎರಡು ಸಂಗತಿ ಗಮನಿಸಿ. ಮುದ್ರಣದ ಕಡತಗಳು ಸಾಮಾನ್ಯವಾಗಿ ಮುದ್ರಣದ ಶಾಯಿಗೆ ಹೊಂದುವ ಸಿಎಂವೈಕೆ ಬಣ್ಣದಲ್ಲಿರುತ್ತವೆ. ಅದನ್ನು ಹಾಗೆಯೇ ಏರಿಸಿದರೆ ಬಣ್ಣ ಎಲ್ಲೆಲ್ಲಿಗೋ ಹೋಗುತ್ತದೆ. ಪರದೆಗೆ ಹೊಂದುವ ಎಸ್‌ಆರ್‌ಜಿಬಿಗೆ ಬದಲಿಸಿಕೊಳ್ಳಿ. ಎರಡನೆಯದು, “300 ಡಿಪಿಐ ಇಟ್ಟಿದ್ದೇನೆ, ಕ್ಲಿಯರ್ ಬರುತ್ತದೆ” ಎಂಬ ಭರವಸೆ. ಡಿಪಿಐ ಎಂಬುದು ಕಾಗದದ ಒಂದು ಅಂಗುಲದಲ್ಲಿ ಎಷ್ಟು ಚುಕ್ಕಿ ಹಾಕಬೇಕು ಎಂದು ಮುದ್ರಣಯಂತ್ರಕ್ಕೆ ಹೇಳುವ ಸಂಖ್ಯೆ. ಪರದೆಗೆ ಕಾಗದವೂ ಇಲ್ಲ, ಅಂಗುಲವೂ ಇಲ್ಲ. 1702 ಪಿಕ್ಸೆಲ್ ಅಗಲದ ಚಿತ್ರ 72 ಡಿಪಿಐ ಇದ್ದರೂ 300 ಇದ್ದರೂ ಫೇಸ್‌ಬುಕ್‌ನಲ್ಲಿ ಒಂದೇ ಚಿತ್ರ.

ಐದನೆಯದು: ಅಕ್ಷರ

ಕವರ್ ಅಳತೆಯ ಬಗ್ಗೆ ಸಿಗುವ ಬರಹಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡವು. ಕನ್ನಡದ ಸಾಲಿಗೆ ಒಂದು ನೆಲಮಾಳಿಗೆಯೂ ಇದೆ. “ಸಾಂಸ್ಕೃತಿಕ”, “ಸ್ವಾತಂತ್ರ್ಯ”, “ರಾಷ್ಟ್ರೀಯ” ಎಂದು ಬರೆದು ನೋಡಿ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿದು ಅಕ್ಷರದ ಎತ್ತರವನ್ನು ಹೆಚ್ಚುಕಡಿಮೆ ಎರಡರಷ್ಟು ಮಾಡುತ್ತವೆ. ಸಾಲುಗಳ ನಡುವೆ ಆ್ಯಪು ತಾನಾಗಿ ಕೊಡುವ ಅಂತರ ಸಾಲದೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂರುತ್ತದೆ. ಅಂತರವನ್ನು ಕೈಯಿಂದ ಹೆಚ್ಚಿಸಿ. ನಡುಪಟ್ಟಿಯ ಕೆಳ ಅಂಚಿಗೆ ಅಕ್ಷರವನ್ನು ಹೊಂದಿಸುವಾಗಲೂ ಒತ್ತಕ್ಷರದ ತುದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಇಲ್ಲವಾದರೆ ಕಂಪ್ಯೂಟರಿನಲ್ಲಿ ‘ರಾಷ್ಟ್ರೀಯ’ದ ಕಾಲು ಕತ್ತರಿಸುತ್ತದೆ.

ಅಕ್ಷರ ಎಷ್ಟು ದೊಡ್ಡದಿರಬೇಕು? ಅಂದಾಜು ಬೇಡ, ಲೆಕ್ಕ ಹಾಕಬಹುದು. ನೆಟ್ಟಗೆ ಹಿಡಿದ ಫೋನಿನ ಪರದೆ ಸುಮಾರು 7 ಸೆಂಟಿಮೀಟರ್ ಅಗಲ. ನಿಮ್ಮ 1702 ಪಿಕ್ಸೆಲ್ ಆ 70 ಮಿಲಿಮೀಟರಿನೊಳಗೆ ಕೂರುತ್ತದೆ. ಒಂದು ಮಿಲಿಮೀಟರಿಗೆ 24 ಪಿಕ್ಸೆಲ್. ಪರದೆಯ ಮೇಲೆ ‘ಅ’ ಅಕ್ಷರ 3 ಮಿಲಿಮೀಟರ್ ಎತ್ತರವಾದರೂ ಕಾಣಬೇಕೆಂದರೆ ಕ್ಯಾನ್ವಾಸಿನಲ್ಲಿ ಅದರ ಎತ್ತರ 72 ಪಿಕ್ಸೆಲ್ ಬೇಕು. ಅದಕ್ಕಿಂತ ಚಿಕ್ಕದಾದರೆ ಕನ್ನಡಕ ಹುಡುಕಬೇಕಾಗುತ್ತದೆ. ಯೂಟ್ಯೂಬ್, ಲಿಂಕ್ಡ್‌ಇನ್, ಎಕ್ಸ್‌ಗಳ ಅಳತೆಯಲ್ಲೂ ಈ ಲೆಕ್ಕ ಹೆಚ್ಚು ವ್ಯತ್ಯಾಸವಿಲ್ಲದೆ ನಡೆಯುತ್ತದೆ.

ಈ ಗಾತ್ರದಲ್ಲಿ ಬರೆಯಲು ಹೊರಟರೆ ಜಾಗ ಎಷ್ಟು ಕಡಿಮೆ ಎಂಬುದು ತಾನಾಗಿ ತಿಳಿಯುತ್ತದೆ. ಸಂಘದ ಹೆಸರು, ಬೇಕಿದ್ದರೆ ಇನ್ನೊಂದು ಚಿಕ್ಕ ಸಾಲು. ನೋಂದಣಿ ಸಂಖ್ಯೆ, ಮೂವರು ಪದಾಧಿಕಾರಿಗಳ ಮೊಬೈಲ್ ನಂಬರ್, ಪ್ರಾಯೋಜಕರ ಪಟ್ಟಿ, ‘ಸರ್ವರಿಗೂ ಆದರದ ಸ್ವಾಗತ’ ಇವೆಲ್ಲವನ್ನೂ ಹಾಕಬೇಕೆಂದು ಸಮಿತಿ ಒತ್ತಾಯಿಸುತ್ತದೆ. ನನ್ನ ಉತ್ತರ ಸಿದ್ಧವಿದೆ: ಫೇಸ್‌ಬುಕ್‌ನಲ್ಲಿ ಕವರ್ ಚಿತ್ರವನ್ನು ಒತ್ತಿದರೆ ಅದಕ್ಕೆ ವಿವರಣೆ ಬರೆಯುವ ಜಾಗ ತೆರೆಯುತ್ತದೆ, ದಿನಾಂಕ, ಸ್ಥಳ, ನಂಬರುಗಳೆಲ್ಲ ಅಲ್ಲಿಗೆ. ಅಲ್ಲಿ ಬರೆದ ನಂಬರನ್ನು ನಕಲು ಮಾಡಿಕೊಳ್ಳಬಹುದು, ಚಿತ್ರದೊಳಗಿನ ನಂಬರನ್ನು ನೋಡಿ ನೋಡಿ ಒತ್ತಬೇಕು. ಈ ಎರಡನೇ ಕಾರಣ ಸಾಮಾನ್ಯವಾಗಿ ಸಮಿತಿಗೆ ಒಪ್ಪಿಗೆಯಾಗುತ್ತದೆ.

ಫಾಂಟಿನ ವಿಷಯ. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಪಠ್ಯವನ್ನು ಕ್ಯಾನ್ವಾ ಎಂಬ ವಿನ್ಯಾಸದ ಆ್ಯಪಿಗೆ ಅಂಟಿಸಿದರೆ ಅರ್ಥವಾಗದ ರೋಮನ್ ಚಿಹ್ನೆಗಳ ಸಂತೆ ಕಾಣುತ್ತದೆ. ಮೊದಲು ಎಲ್ಲ ಆ್ಯಪುಗಳಿಗೂ ಅರ್ಥವಾಗುವ ಯೂನಿಕೋಡ್ ಸಂಕೇತಕ್ಕೆ ಪರಿವರ್ತಿಸಿ. ಯೂನಿಕೋಡ್‌ನಲ್ಲಿ ಮುಕ್ತವಾಗಿ ಸಿಗುವ ಚೆಂದದ ಫಾಂಟುಗಳು ಈಗ ಬೇಕಾದಷ್ಟಿವೆ. ದಪ್ಪ ಶೀರ್ಷಿಕೆಗೆ ಬಾಲೂ ತಮ್ಮ, ಹಲವು ದಪ್ಪಗಳಲ್ಲಿ ಬೇಕೆಂದರೆ ಅನೇಕ್ ಕನ್ನಡ, ಪುಸ್ತಕದ ಗಾಂಭೀರ್ಯ ಬೇಕೆಂದರೆ ಟಿರೊ ಕನ್ನಡ ಅಥವಾ ನೋಟೊ ಸೆರಿಫ್ ಕನ್ನಡ. ತೆಳು ಎಳೆಯ ಫಾಂಟುಗಳು ಕವರ್‌ಗೆ ಬೇಡ. ಫೋಟೊಶಾಪ್‌ನಲ್ಲಿ ಒತ್ತಕ್ಷರ ಕೆಳಗಿಳಿಯದೆ ಅರ್ಧಾಕ್ಷರದ ಪಕ್ಕಕ್ಕೆ ಬಿದ್ದರೆ ದೋಷ ಫಾಂಟಿನದಲ್ಲ. ಅದರ ಹಳೆಯ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ ದಕ್ಷಿಣ ಏಷ್ಯಾದ ಲಿಪಿಗಳನ್ನು ನಿಭಾಯಿಸುವ ವಿನ್ಯಾಸವನ್ನು ಆರಿಸಬೇಕು. ಗಿಂಪ್, ಇಂಕ್‌ಸ್ಕೇಪ್ ಎಂಬ ಚಿತ್ರ ತಂತ್ರಾಂಶಗಳಲ್ಲಿ ಈ ತೊಡಕಿಲ್ಲ, ಹಣವೂ ಬೇಕಿಲ್ಲ.

ಆರನೆಯದು: ಕಡತವಾಗಿ ಉಳಿಸುವುದು, ಮತ್ತು ಹಳದಿ ಕೆಂಪಿನ ಕಷ್ಟ

ನವೆಂಬರ್ ಬಂದರೆ ನಮ್ಮೆಲ್ಲರ ಕವರ್‌ಗಳೂ ಹಳದಿ ಕೆಂಪಾಗುತ್ತವೆ. ಅದೇ ತಿಂಗಳು “ನೀವು ಮಾಡಿಕೊಟ್ಟದ್ದು ಸ್ಪಷ್ಟವಾಗಿತ್ತು, ಹಾಕಿದ ಮೇಲೆ ಮಸುಕಾಯಿತು” ಎಂಬ ದೂರುಗಳೂ ಹೆಚ್ಚುತ್ತವೆ. ಕಾಕತಾಳೀಯವಲ್ಲ.

ಜೆಪಿಜಿ ಚಿತ್ರವನ್ನು ಕುಗ್ಗಿಸುವಾಗ ಬೆಳಕನ್ನೂ ಬಣ್ಣವನ್ನೂ ಬೇರೆ ಬೇರೆಯಾಗಿ ಇಡುತ್ತದೆ. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಚೆನ್ನಾಗಿ ಗುರುತಿಸುತ್ತದೆ, ಬಣ್ಣದ ಏರಿಳಿತವನ್ನು ಅಷ್ಟಾಗಿ ಅಲ್ಲ. ಹಾಗಾಗಿ ಬೆಳಕಿನ ಮಾಹಿತಿಯನ್ನು ಪ್ರತಿ ಪಿಕ್ಸೆಲ್ಲಿಗೂ ಉಳಿಸಿ, ಬಣ್ಣದ ಮಾಹಿತಿಯನ್ನು ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್ಲಿಗೆ ಒಂದರಂತೆ ಇಡಲಾಗುತ್ತದೆ. ಮುಖ, ಮರ, ಮೋಡಗಳಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಗಾಢ ಕೆಂಪಿನ ತೆಳು ಅಕ್ಷರಕ್ಕೆ ಇರುವ ಆಸ್ತಿಯೇ ಅದರ ಬಣ್ಣ. ಅಂಚಿನಲ್ಲಿ ಕೆಂಪು ಪಕ್ಕದ ಬಣ್ಣದೊಳಕ್ಕೆ ಕದಡಿ, ಕುಂಕುಮ ಬೆವರಿಗೆ ಇಳಿದಂತೆ ಆಗುತ್ತದೆ. ಒತ್ತಕ್ಷರಗಳ ಸಣ್ಣ ಸುಳಿಗಳು ಮೊದಲು ಮುಚ್ಚಿಹೋಗುತ್ತವೆ. ನೀವು ಕೊಟ್ಟ ಕಡತವನ್ನು ತಾಣವೂ ತನ್ನ ಪಾಲಿಗೆ ಮತ್ತೊಮ್ಮೆ ಕುಗ್ಗಿಸುವುದರಿಂದ ಏಟು ಎರಡು ಬಾರಿ ಬೀಳುತ್ತದೆ.

ಬಣ್ಣ ಬಿಡಬೇಕಾಗಿಲ್ಲ, ಹಂಚಿಕೆ ಬದಲಿಸಿದರೆ ಸಾಕು. ಹಳದಿಯ ಮೇಲೆ ಬರೆಯುವುದಿದ್ದರೆ ಕಪ್ಪಿನಲ್ಲಿ ಬರೆಯಿರಿ. ಆಗ ಅಂಚನ್ನು ಬೆಳಕಿನ ಮಾಹಿತಿ ಕಾಯುತ್ತದೆ. ಕೆಂಪಿನ ಮೇಲೆ ಬಿಳಿಯಲ್ಲಿ, ದಪ್ಪ ಫಾಂಟಿನಲ್ಲಿ. ಕೆಂಪು ಅಕ್ಷರವೇ ಬೇಕೆಂದರೆ ತುಸು ಕಂದು ಬೆರೆಸಿ ಗಾಢವಾಗಿಸಿ, ದೊಡ್ಡದಾಗಿ ಬರೆಯಿರಿ.

ಯಾವ ರೂಪದಲ್ಲಿ ಉಳಿಸಬೇಕು ಎಂಬುದಕ್ಕೆ ನನ್ನ ನಿಯಮ ಸರಳ. ಚಿತ್ರದಲ್ಲಿ ಫೋಟೋ ಹೆಚ್ಚಿದ್ದರೆ ಜೆಪಿಜಿ, ಗುಣಮಟ್ಟ 85ರಿಂದ 90ರ ನಡುವೆ. ಅಕ್ಷರ, ಲಾಂಛನ, ಬಣ್ಣದ ಸಪಾಟು ಹೆಚ್ಚಿದ್ದರೆ ಪಿಎನ್‌ಜಿ. ಲಾಂಛನ ಅಥವಾ ಅಕ್ಷರವಿರುವ ಚಿತ್ರಕ್ಕೆ ಇದು ಮೇಲೆಂದು ಫೇಸ್‌ಬುಕ್ ಸಹ ಹೇಳುತ್ತದೆ. 851 × 315 ಅಳತೆಯ, 100 ಕೆಬಿಗಿಂತ ಕಡಿಮೆ ತೂಕದ ಎಸ್‌ಆರ್‌ಜಿಬಿ ಜೆಪಿಜಿ ಅತಿ ಬೇಗ ತೆರೆದುಕೊಳ್ಳುತ್ತದೆ ಎಂಬುದೂ ಅವರದೇ ಮಾತು. ಎರಡರಷ್ಟು ಅಳತೆಯ ಚಿತ್ರವನ್ನು 100 ಕೆಬಿಗೆ ಇಳಿಸಲು ಹೋದರೆ ಮುಖಗಳು ಚೌಕಚೌಕವಾಗುತ್ತವೆ. ಕೆಲವು ನೂರು ಕೆಬಿ ಆದರೆ ಆಗಲಿ ಎಂದು ನಾನು ಬಿಟ್ಟುಬಿಟ್ಟಿದ್ದೇನೆ. ಐಫೋನಿನಿಂದ ಬಂದ ಎಚ್‌ಇಐಸಿ ಕಡತಗಳನ್ನು ಮೊದಲೇ ಜೆಪಿಜಿಗೆ ಬದಲಿಸಿಕೊಂಡರೆ ಮುಂದೆ ತಕರಾರಿಲ್ಲ.

ಒಂದೇ ಜೆಪಿಜಿಯನ್ನು ಮತ್ತೆ ಮತ್ತೆ ತೆರೆದು, ತಿದ್ದಿ, ಉಳಿಸಬೇಡಿ. ಪ್ರತಿ ಬಾರಿಯೂ ಒಂದು ಪದರ ಸವೆಯುತ್ತದೆ.

ಏಳನೆಯದು: ಏರಿಸುವ ಮೊದಲು ಮತ್ತು ಏರಿಸಿದ ಮೇಲೆ

ಏರಿಸುವ ಮೊದಲು ಚಿತ್ರವನ್ನು ನಿಮ್ಮ ಫೋನಿಗೇ ಕಳಿಸಿಕೊಂಡು, ಗ್ಯಾಲರಿಯಲ್ಲಿ ತೆರೆದು, ಹಿಗ್ಗಿಸದೆ, ಒಂದು ಮೊಳ ದೂರ ಹಿಡಿದು ಓದಿ. ಆಮೇಲೆ ಮನೆಯ ಹಿರಿಯರ ಕೈಗೆ ಕೊಡಿ. ಅವರು ಫೋನನ್ನು ಹತ್ತಿರ ತಂದರೆ ಅಕ್ಷರ ಚಿಕ್ಕದಾಯಿತೆಂದು ಅರ್ಥ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಸಿಕ್ಕಿಲ್ಲ.

ಫೇಸ್‌ಬುಕ್‌ಗೆ ಏರಿಸುವುದನ್ನು ಕಂಪ್ಯೂಟರಿನಿಂದಲೇ ಮಾಡಿ. ಅಲ್ಲಿ ಚಿತ್ರವನ್ನು ಮೇಲೆ ಕೆಳಗೆ ಎಳೆದು ನಡುಪಟ್ಟಿ ಸರಿಯಾಗಿ ಕೂರುವಂತೆ ನಿಲ್ಲಿಸಿ, ಆಮೇಲೆ ಉಳಿಸಬಹುದು. ಉಳಿಸಿದ ಕೂಡಲೇ ಕೈತೊಳೆದುಕೊಳ್ಳಬೇಡಿ. ಕಂಪ್ಯೂಟರಿನಲ್ಲಿ ಒಮ್ಮೆ, ಫೋನಿನ ಆ್ಯಪಿನಲ್ಲಿ ಒಮ್ಮೆ, ಫೋನಿನ ಬ್ರೌಸರಿನಲ್ಲಿ ಒಮ್ಮೆ ನೋಡಿ. ಮೂರರಲ್ಲೂ ಪ್ರೊಫೈಲ್ ಚಿತ್ರ ಎಲ್ಲಿ ಕುಳಿತಿದೆ ಎಂದು ಗಮನಿಸಿ. ಯೂಟ್ಯೂಬ್ ಆದರೆ ಏರಿಸುವಾಗಲೇ ಟಿವಿ, ಕಂಪ್ಯೂಟರ್, ಫೋನುಗಳ ಮೂರು ಆಯತಗಳನ್ನು ಚಿತ್ರದ ಮೇಲೆ ತೋರಿಸುತ್ತದೆ. ಆ ಮಟ್ಟಿಗೆ ಅದು ಮರ್ಯಾದಸ್ಥ ತಾಣ.

ತಪ್ಪು ಕಂಡರೆ ಅಲ್ಲಲ್ಲೇ ನಾಲ್ಕು ಬಾರಿ ಬದಲಿಸಬೇಡಿ. ಕವರ್ ಬದಲಾಯಿಸಿದ ಸುದ್ದಿ ಹಿಂಬಾಲಕರ ಫೀಡಿಗೂ ಹೋಗಬಹುದು. ಸಂಜೆಯ ಹೊತ್ತಿಗೆ ನಾಲ್ಕು ಒಂದೇ ಬಗೆಯ ಚಿತ್ರ, ನಾಲ್ಕಕ್ಕೂ “ಶುಭಾಶಯಗಳು” ಎಂಬ ಪ್ರತಿಕ್ರಿಯೆ. ಮೂಲ ಕಡತದಲ್ಲಿ ತಿದ್ದಿ, ಮತ್ತೆ ಫೋನಿನಲ್ಲಿ ನೋಡಿ, ಆಮೇಲೆ ಒಂದೇ ಸಲ ಹಾಕಿ.

ಕೊನೆಗೆ, ಫೋಟೋ, ಅಕ್ಷರ, ಗೆರೆಗಳು ಬೇರೆ ಬೇರೆ ಪದರಗಳಾಗಿ ಉಳಿದಿರುವ ಮೂಲ ಕಡತವನ್ನು ಜೋಪಾನವಾಗಿಡಿ. ಮುಂದಿನ ವರ್ಷ ಬದಲಾಗುವುದು ಫೋಟೋ ಮತ್ತು ಒಂದು ಸಾಲು ಮಾತ್ರ. ನಡುಪಟ್ಟಿಯ ಗೆರೆಗಳು, ಫಾಂಟು, ಬಣ್ಣ ಎಲ್ಲ ಅದರಲ್ಲೇ ಇರುತ್ತವೆ. ಹೆಸರಿಡುವಾಗ ತಾಣ, ಅಳತೆ, ತಿಂಗಳು ಇರಲಿ: ‘ಫೇಸ್‌ಬುಕ್-1702×958-ನವೆಂಬರ್’ ಎಂಬಂತೆ. ನನ್ನ ಹಳೆಯ ಫೋಲ್ಡರಿನಲ್ಲಿ ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಅಧ್ಯಕ್ಷರು ಇರುವುದು’ ಎಂಬ ಮೂರು ಕಡತಗಳು ಇನ್ನೂ ಇವೆ. ಮೂರನೆಯದರಲ್ಲಿ ಖಜಾಂಚಿ ಇಲ್ಲ.